ಬೇಲಿ ಕಂಬದ ವೈಬ್ರೇಟರ್ ಟೇಬಲಿನ ಸದ್ದನ್ನು 102ರಿಂದ 89 ಡೆಸಿಬೆಲ್‌ಗೆ ಇಳಿಸಿದ ಬಗೆ

ತುಮಕೂರಿನ ಹೊರವಲಯದ ನಮ್ಮ ಚಿಕ್ಕ ಪ್ರೀಕಾಸ್ಟ್ ಘಟಕದಲ್ಲಿ ತೆಂಗು, ಅಡಿಕೆ ತೋಟಗಳ ಬೇಲಿಗೆ ಬೇಕಾದ ಏಳು ಅಡಿಯ ಆರ್‌ಸಿಸಿ ಕಂಬಗಳನ್ನೂ ಚರಂಡಿಗೆ ಮುಚ್ಚುವ ಸ್ಲ್ಯಾಬುಗಳನ್ನೂ ಎರಕ ಹೊಯ್ಯುತ್ತೇವೆ. ಇವೆರಡಕ್ಕೂ ಉಕ್ಕಿನ ಅಚ್ಚುಗಳೇ ಬಳಕೆಯಲ್ಲಿವೆ. ಅಚ್ಚಿಗೆ ಸುರಿದ ಕಾಂಕ್ರೀಟನ್ನು ಕೂರಿಸುವುದಕ್ಕೆ ಒಂದು ಮೀಟರ್ ಅಗಲ, ಎರಡು ಮೀಟರಿಗೆ ತುಸು ಮಿಗಿಲಾದ ಉದ್ದದ ವೈಬ್ರೇಟರ್ ಟೇಬಲ್ ಇದೆ. ಅದರ ಮೇಲ್ತಟ್ಟೆ 10 ಮಿಲಿಮೀಟರ್ ದಪ್ಪದ ಎಂ.ಎಸ್. (ಮೆದು ಉಕ್ಕಿನ) ಪ್ಲೇಟು, ಅಡಿಯಲ್ಲಿ ಚಾನೆಲ್ ಚೌಕಟ್ಟು, ಚೌಕಟ್ಟಿಗೆ ಅಕ್ಕಪಕ್ಕದಲ್ಲಿ ಬೋಲ್ಟು ಹಾಕಿ ಬಿಗಿದ, ತಲಾ ಒಂದೂವರೆ ಅಶ್ವಶಕ್ತಿಯ ಎರಡು ಕಂಪನ ಮೋಟಾರುಗಳು. ಈ ಟೇಬಲ್ ಓಡುವಾಗ ಪಕ್ಕದಲ್ಲಿ ನಿಂತವರು ಕೈಸನ್ನೆಯಿಂದಲೇ ಮಾತನಾಡಬೇಕಾಗಿತ್ತು. ಅದರ ಸದ್ದನ್ನು ಅಳೆದು, ಮೂಲಗಳನ್ನು ಒಂದೊಂದಾಗಿ ಹುಡುಕಿ ಸರಿಪಡಿಸಿದ ಕೆಲಸದ ವಿವರ ಇಲ್ಲಿದೆ.

ಅಳತೆಗೆ ಕ್ಲಾಸ್ 2 ನಿಖರತೆಯ ಸೌಂಡ್ ಲೆವೆಲ್ ಮೀಟರನ್ನೂ, ಅದು ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಕೊಡುವ ಕ್ಯಾಲಿಬ್ರೇಟರನ್ನೂ ಬಾಡಿಗೆಗೆ ತಂದೆವು. ಮೊಬೈಲ್ ಆ್ಯಪ್‌ಗಳಿಂದ ಈ ಕೆಲಸ ಆಗುವುದಿಲ್ಲ; ಫೋನಿನ ಮೈಕು ಮಾತಿಗೆಂದು ಮಾಡಿದ್ದು, ದೊಡ್ಡ ಸದ್ದಿನಲ್ಲಿ ಅದು ತಾನಾಗಿ ತಗ್ಗಿಸಿಕೊಳ್ಳುತ್ತದೆ, ತಗ್ಗು ಆವೃತ್ತಿಯನ್ನಂತೂ ಸರಿಯಾಗಿ ಹಿಡಿಯುವುದೇ ಇಲ್ಲ. ಮೀಟರನ್ನು ಟೇಬಲಿನ ಅಂಚಿನಿಂದ ಒಂದು ಮೀಟರ್ ದೂರದಲ್ಲಿ, ಕೆಲಸಗಾರನ ಕಿವಿಯ ಎತ್ತರದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿ, ಮಿಕ್ಸರನ್ನು ಬಂದ್ ಮಾಡಿಸಿ, ಪ್ರತಿ ಬಾರಿಯೂ ಅದೇ ಅಚ್ಚು ಮತ್ತು ಅದೇ ಹದದ ಕಾಂಕ್ರೀಟಿನೊಡನೆ ಒಂದು ನಿಮಿಷದ ಸರಾಸರಿಯನ್ನು ಬರೆದುಕೊಂಡೆವು. ಮೈಕಿನ ಮೇಲೆ ಸ್ಪಂಜಿನ ಟೋಪಿ ಇರಲೇಬೇಕು, ಇಲ್ಲದಿದ್ದರೆ ಸಿಮೆಂಟಿನ ಧೂಳು ಮೀಟರನ್ನು ಕೆಡಿಸುತ್ತದೆ.

ಮೊದಲ ಅಳತೆಯೇ ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸಿತು. ಖಾಲಿ ಟೇಬಲ್ ಓಡುವಾಗ ಎ ತೂಕದಲ್ಲಿ 88 ಡೆಸಿಬೆಲ್, ಸಿ ತೂಕದಲ್ಲಿ 107 ಡೆಸಿಬೆಲ್ ಬಂತು. ಎರಡು ಕಂಬಗಳ ಜೋಡಿ ಅಚ್ಚನ್ನು ತುಂಬಿಸಿ ಟೇಬಲಿನ ಮೇಲೆ ಸುಮ್ಮನೆ ಇಟ್ಟು ಓಡಿಸಿದಾಗ ಎ 102ಕ್ಕೆ ಏರಿತು, ಸಿ ಮಾತ್ರ 108ರಲ್ಲೇ ನಿಂತಿತು. ಎ ತೂಕವೆಂದರೆ ಮನುಷ್ಯನ ಕಿವಿಯಂತೆ ತಗ್ಗು ಆವೃತ್ತಿಯನ್ನು ಕಡೆಗಣಿಸುವ ಲೆಕ್ಕ, ಸಿ ತೂಕವೆಂದರೆ ಅದನ್ನು ಬಹುಮಟ್ಟಿಗೆ ಹಾಗೆಯೇ ಎಣಿಸುವ ಲೆಕ್ಕ. ನಮ್ಮ ಮೋಟಾರುಗಳು ನಿಮಿಷಕ್ಕೆ ಸುಮಾರು 2880 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 48 ಕಂಪನ. ಈ ಆವೃತ್ತಿಯಲ್ಲಿ ಎ ತೂಕವು ಸುಮಾರು 30 ಡೆಸಿಬೆಲ್‌ಗಳನ್ನು ಕಳೆದುಬಿಡುತ್ತದೆ. ಆದ್ದರಿಂದ ಕಾಂಕ್ರೀಟನ್ನು ಕೂರಿಸುವ ಕಂಪನ ಎಷ್ಟೇ ಜೋರಾಗಿದ್ದರೂ ಅದರ ಪಾಲು ಎ ಲೆಕ್ಕದಲ್ಲಿ 80 ಡೆಸಿಬೆಲ್‌ಗಿಂತ ಕೆಳಗೇ ಉಳಿಯುತ್ತದೆ. ಉಳಿದ ಸದ್ದೆಲ್ಲವೂ ಉಕ್ಕು ಉಕ್ಕಿಗೆ ಬಡಿಯುವುದರಿಂದ ಹುಟ್ಟುವ, ಕೆಲವು ನೂರರಿಂದ ಕೆಲವು ಸಾವಿರ ಹರ್ಟ್ಸ್‌ವರೆಗಿನ ಗಡಗಡ. ಸದ್ದು ಜೋರಾದಷ್ಟೂ ಕಾಂಕ್ರೀಟು ಗಟ್ಟಿಯಾಗಿ ಕೂರುತ್ತದೆ ಎಂದು ನಮ್ಮ ಮೇಸ್ತ್ರಿಗಳಲ್ಲಿ ಬಲವಾದ ನಂಬಿಕೆಯಿದೆ. ಮೀಟರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಕಿವಿ ಕೆಡಿಸುವ ಸದ್ದು ಕಾಂಕ್ರೀಟಿಗೆ ತಲುಪದೆ ಪೋಲಾಗುತ್ತಿರುವ ಶಕ್ತಿ. ಸಿ ಅಂಕಿಯನ್ನು ಮುಟ್ಟದೆ ಎ ಅಂಕಿಯನ್ನು ಇಳಿಸುವುದೇ ನಮ್ಮ ಗುರಿಯಾಯಿತು.

102 ಡೆಸಿಬೆಲ್ ಎಂದರೆ ಎಷ್ಟು ಕೆಟ್ಟದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಭಾರತದ ಕಾರ್ಖಾನೆ ನಿಯಮಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ ದಿನಕ್ಕೆ ಎಂಟು ಗಂಟೆಗೆ 90, ನಾಲ್ಕು ಗಂಟೆಗೆ 95, ಎರಡು ಗಂಟೆಗೆ 100, ಒಂದೂವರೆ ಗಂಟೆಗೆ 102 ಡೆಸಿಬೆಲ್ ಮಿತಿ. 115ನ್ನು ಮೀರಿದ ಸದ್ದಿಗೆ ಯಾರನ್ನೂ ಒಡ್ಡುವಂತಿಲ್ಲ. ನಮ್ಮ ಟೇಬಲು ಬಿಟ್ಟು ಬಿಟ್ಟು ಓಡಿದರೂ ದಿನದಲ್ಲಿ ಒಟ್ಟು ಎರಡೂವರೆ ಗಂಟೆ ಚಾಲೂ ಇರುತ್ತದೆ, ಅಂದರೆ ಈ ಸಡಿಲ ಲೆಕ್ಕದಲ್ಲೂ ಮಿತಿ ದಾಟಿದೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯಾಷ್ (NIOSH) ಸಂಸ್ಥೆಯ ಶಿಫಾರಸಿನಲ್ಲಿ ಎಂಟು ಗಂಟೆಗೆ 85 ಡೆಸಿಬೆಲ್ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ 102 ಡೆಸಿಬೆಲ್‌ಗೆ ಹತ್ತು ನಿಮಿಷವೂ ಸಿಗುವುದಿಲ್ಲ. ಸದ್ದಿನಿಂದ ಬರುವ ಕಿವುಡು ಮೊದಲು 4000 ಹರ್ಟ್ಸ್ ಆಸುಪಾಸಿನಲ್ಲಿ ಶುರುವಾಗುವುದರಿಂದ ದಿನನಿತ್ಯದ ಮಾತುಕತೆಯಲ್ಲಿ ಬೇಗನೆ ಗೊತ್ತಾಗುವುದಿಲ್ಲ, ಗೊತ್ತಾದ ಮೇಲೆ ವಾಸಿಯಾಗುವುದೂ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಇದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ ಸೇರಿಸಿದ್ದು ಅದಕ್ಕಾಗಿಯೇ.

ಮೊದಲು ಕಂಪನದ ದಿಕ್ಕನ್ನು ಪರೀಕ್ಷಿಸಿದೆವು. ಇದಕ್ಕೆ ದುಬಾರಿ ಉಪಕರಣ ಬೇಡ. ಟೇಬಲಿನ ಪಕ್ಕದ ಪಟ್ಟಿಗೆ ಬಿಳಿ ಕಾಗದ ಅಂಟಿಸಿ, ನೆಲದ ಮೇಲೆ ನಿಂತ ಬೇರೆ ಸ್ಟ್ಯಾಂಡಿಗೆ ಚೂಪಾದ ಪೆನ್ಸಿಲ್ ಕಟ್ಟಿ, ಟೇಬಲ್ ಓಡುವಾಗ ಅದರ ಮೊನೆಯನ್ನು ಕಾಗದಕ್ಕೆ ಹಗುರವಾಗಿ ತಾಗಿಸಿದರೆ ಸಾಕು. ಸಮಾಂತರ ಅಕ್ಷಗಳ ಎರಡು ಮೋಟಾರುಗಳು ಎದುರು ಬದುರು ದಿಕ್ಕಿಗೆ ತಿರುಗಿದರೆ ಅವುಗಳ ಅಡ್ಡಬಲಗಳು ಒಂದನ್ನೊಂದು ಅಳಿಸಿ ಟೇಬಲ್ ನೇರ ಮೇಲೆ ಕೆಳಗೆ ಆಡುತ್ತದೆ, ಕಾಗದದ ಮೇಲೆ ನೆಟ್ಟಗಿನ ಗೆರೆ ಮೂಡುತ್ತದೆ. ನಮ್ಮ ಕಾಗದದ ಮೇಲೆ ಮೂಡಿದ್ದು ದಪ್ಪನೆಯ ಮೊಟ್ಟೆಯಾಕಾರ. ಹಿಂದೆ ಒಂದು ಮೋಟಾರನ್ನು ರೀವೈಂಡಿಂಗ್ ಮಾಡಿಸಿ ಮರಳಿ ಜೋಡಿಸಿದಾಗ ಎರಡು ಫೇಸ್‌ಗಳು ಅದಲುಬದಲಾಗಿದ್ದವು. ಎರಡೂ ಮೋಟಾರುಗಳು ಒಂದೇ ಕಡೆ ತಿರುಗುತ್ತಿದ್ದವು. ಮೋಟಾರಿನ ಅಕ್ಷದ ತುದಿಯಲ್ಲಿರುವ ಭಾರಗಳ ಮುಚ್ಚಳ ತೆಗೆದು, ಎಲ್ಲರನ್ನೂ ದೂರ ನಿಲ್ಲಿಸಿ, ಸ್ಟಾರ್ಟರನ್ನು ಕ್ಷಣಮಾತ್ರ ಒತ್ತಿ ಇದನ್ನು ಖಚಿತಪಡಿಸಿಕೊಂಡೆವು. ಅಡ್ಡಡ್ಡ ಆಡುವ ಟೇಬಲಿನಲ್ಲಿ ಅಚ್ಚು ಜಾರಿ ಅಂಚಿನ ಆಂಗಲ್‌ಗೆ ಬಡಿಯುತ್ತದೆ, ಕಂಬದ ಒಂದು ಮಗ್ಗುಲಿಗೆ ಜಲ್ಲಿ ಸರಿದು ಕೂರುವುದೂ ಉಂಟು. ಎರಡು ತಂತಿಗಳನ್ನು ಅದಲುಬದಲು ಮಾಡಿದ್ದಾಯಿತು.

ಫೇಸ್ ಸರಿಯಾದ ಮೇಲೆ ಗೆರೆ ನೆಟ್ಟಗಾಯಿತು, ಆದರೆ ಟೇಬಲಿನ ಒಂದು ತುದಿಯಲ್ಲಿ ಉದ್ದವಾಗಿಯೂ ಇನ್ನೊಂದು ತುದಿಯಲ್ಲಿ ಗಿಡ್ಡವಾಗಿಯೂ ಇತ್ತು. ಇಂಥ ಮೋಟಾರುಗಳಲ್ಲಿ ಅಕ್ಷದ ಎರಡೂ ತುದಿಗೆ ಅರ್ಧಚಂದ್ರಾಕಾರದ ಜೋಡಿ ಭಾರಗಳಿರುತ್ತವೆ. ಅವುಗಳ ನಡುವಣ ಕೋನವನ್ನು ಬದಲಿಸಿ ಬಲವನ್ನು ಏರಿಸಬಹುದು, ಇಳಿಸಬಹುದು. ನಾಲ್ಕು ತುದಿಗಳಲ್ಲಿ ಒಂದರ ಗುರುತು ಉಳಿದವುಗಳಿಂದ ಸರಿದಿತ್ತು. ಅದನ್ನೂ ಸಮಗೊಳಿಸಿದ ಬಳಿಕ ಖಾಲಿ ಟೇಬಲಿನಲ್ಲಿ ಗೆರೆಯ ಉದ್ದ ಎಲ್ಲೆಡೆ ಸುಮಾರು 0.8 ಮಿಲಿಮೀಟರ್, ತುಂಬಿದ ಅಚ್ಚಿನೊಡನೆ 0.6 ಮಿಲಿಮೀಟರ್ ಬಂತು. ಎ ಅಂಕಿ 102ರಿಂದ 100ಕ್ಕೆ ಇಳಿಯಿತು.

ಬಳಿಕ ಬಿಗಿಯುವ ಕೆಲಸ. ಮೋಟಾರಿನ ಪಾದದ ಬೋಲ್ಟುಗಳ ಪೈಕಿ ಎರಡು ಬೋಲ್ಟುಗಳು ಕೈಯಿಂದಲೇ ತಿರುಗುವಷ್ಟು ಸಡಿಲವಾಗಿದ್ದವು. ಸ್ಪ್ರಿಂಗ್ ವಾಷರುಗಳನ್ನು ನಂಬಿಕೊಂಡಿದ್ದ ಕಡೆಯೆಲ್ಲ 8.8 ದರ್ಜೆಯ ಹೊಸ ಬೋಲ್ಟುಗಳನ್ನೂ ಲಾಕ್‌ನಟ್ಟುಗಳನ್ನೂ ಹಾಕಿ ಟಾರ್ಕ್ ಪಾನಾದಿಂದ ಬಿಗಿದೆವು. ಕಂಪನ ಯಂತ್ರದಲ್ಲಿ ಹೊಸ ಬೋಲ್ಟು ಮೊದಲ ಕೆಲವು ಗಂಟೆಗಳ ಓಟದಲ್ಲಿ ಕೂತು ಸಡಿಲಗೊಳ್ಳುವುದರಿಂದ ಅದೇ ದಿನ ಮತ್ತೊಮ್ಮೆ ಬಿಗಿಯುವುದು ಕಡ್ಡಾಯ. ಭಾರಗಳ ಮೇಲಿನ ತಗಡು ಮುಚ್ಚಳಗಳ ಸ್ಕ್ರೂಗಳು ತೂತುಗಳನ್ನೇ ಅಗಲ ಮಾಡಿಕೊಂಡಿದ್ದವು. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟು ದಪ್ಪ ವಾಷರಿನೊಡನೆ ಕೂರಿಸಿದೆವು. ನೋಡಲು ಕ್ಷುಲ್ಲಕವಾದ ಈ ತಗಡುಗಳು ಖಾಲಿ ಟೇಬಲಿನ ಸದ್ದಿನಲ್ಲಿ ದೊಡ್ಡ ಪಾಲು ಪಡೆದಿದ್ದವು.

ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕು ಇರಬಹುದೆಂಬ ಅನುಮಾನಕ್ಕೆ ಹಳೆಯ ಸೀಮೆಎಣ್ಣೆ ಪರೀಕ್ಷೆಯನ್ನೇ ಮಾಡಿದೆವು. ಬೆಸುಗೆಯನ್ನು ಉಜ್ಜಿ ಸ್ವಚ್ಛಗೊಳಿಸಿ, ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತಿನ ಬಳಿಕ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಕಪ್ಪು ಗೆರೆಯಾಗಿ ಒಸರುತ್ತದೆ. ಮೋಟಾರು ಕೂರುವ ಅಡ್ಡ ಚಾನೆಲ್ ಮೇಲ್ತಟ್ಟೆಗೆ ಸೇರುವ ಜಾಗದಲ್ಲಿ ಒಂದು ಗೇಣುದ್ದದ ಗೆರೆ ಕಾಣಿಸಿತು. ಬಿರುಕಿನ ಎರಡೂ ತುದಿಗೆ ಚಿಕ್ಕ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ಗ್ರೈಂಡರಿನಿಂದ ಆಳಕ್ಕೆ ತೆರೆದು, ಮರಳಿ ಬೆಸೆದು, ಮೂಲೆಗೆ ಬಲ ಕೊಡುವ ಗಸೆಟ್ ತುಂಡು ಕೊಟ್ಟೆವು. ಬೆಸೆಯುವಾಗ ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು. ದೂರದಲ್ಲೆಲ್ಲೋ ಕಚ್ಚಿಸಿದರೆ ಕರೆಂಟು ಮೋಟಾರಿನ ಬೇರಿಂಗ್ ಮೂಲಕ ಹರಿದು ರೋಲರುಗಳಲ್ಲಿ ಚುಕ್ಕೆ ಗುಳಿಗಳನ್ನು ಮಾಡುತ್ತದೆ, ಮುಂದೆ ಅದೇ ಹೊಸ ಸದ್ದಾಗುತ್ತದೆ. ಇಷ್ಟಕ್ಕೆ ಖಾಲಿ ಟೇಬಲ್ 88ರಿಂದ 85ಕ್ಕೆ, ತುಂಬಿದ ಟೇಬಲ್ 98ಕ್ಕೆ ಬಂದವು.

ಟೇಬಲಿನ ಕೆಳಗಿನ ರಬ್ಬರ್ ಗುಂಡುಗಳು ಸಿಮೆಂಟು ಹಾಲು, ಅಚ್ಚಿಗೆ ಬಳಿಯುವ ಎಣ್ಣೆ, ಬಿಸಿಲು ಎಲ್ಲವನ್ನೂ ಕುಡಿದು ಕಲ್ಲಿನಂತಾಗಿದ್ದವು. ಯಂತ್ರದ ಭಾರಕ್ಕೆ ಆಸರೆ ಎಷ್ಟು ಕುಗ್ಗುತ್ತದೆ ಎಂಬುದರಿಂದಲೇ ಅದರ ಸಹಜ ಆವೃತ್ತಿಯನ್ನು, ಅಂದರೆ ಅಲುಗಿಸಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಆಡುತ್ತದೆ ಎಂಬುದನ್ನು, ಅಂದಾಜು ಮಾಡಬಹುದು: ಕುಗ್ಗಿದ ಮಿಲಿಮೀಟರುಗಳ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ. ಹಳೆಯ ಗುಂಡುಗಳು ಒಂದು ಮಿಲಿಮೀಟರಷ್ಟೇ ಕುಗ್ಗುತ್ತಿದ್ದವು, ಅಂದರೆ ಸುಮಾರು 16 ಹರ್ಟ್ಸ್. 48 ಹರ್ಟ್ಸ್ ಕಂಪನದಲ್ಲಿ ಎಂಟರಲ್ಲಿ ಒಂದು ಪಾಲು ಬಲ ನೆಲಕ್ಕೂ ಕೆಳಗಿನ ಕಾಲುಗಳಿಗೂ ಹೋಗುತ್ತಿತ್ತು. ಗಟ್ಟಿಯಾದ ರಬ್ಬರ್ ಕಂಪನದಲ್ಲಿ ಇನ್ನೂ ಬಿಗಿಯಾಗಿ ವರ್ತಿಸುವುದರಿಂದ ನಿಜದಲ್ಲಿ ಇನ್ನೂ ಹೆಚ್ಚೇ ಹೋಗುತ್ತಿದ್ದಿರಬೇಕು. ಐದು ಮಿಲಿಮೀಟರ್ ಕುಗ್ಗುವ ಸುರುಳಿ ಸ್ಪ್ರಿಂಗುಗಳನ್ನು ಆರಿಸಿದೆವು. ಸಹಜ ಆವೃತ್ತಿ 7 ಹರ್ಟ್ಸ್, ನೆಲಕ್ಕೆ ದಾಟುವ ಬಲ ನೂರಕ್ಕೆ ಎರಡರ ಆಸುಪಾಸು. ಉಕ್ಕಿನ ಸ್ಪ್ರಿಂಗು ತಗ್ಗು ಕಂಪನವನ್ನು ತಡೆದರೂ ಚೀರು ಸದ್ದನ್ನು ತನ್ನ ತಂತಿಯ ಮೂಲಕವೇ ಸಾಗಿಸುತ್ತದೆ, ಆದ್ದರಿಂದ ಪ್ರತಿ ಸ್ಪ್ರಿಂಗಿನ ಕೆಳಗೆ ರಬ್ಬರ್ ಹಾಳೆ ಇಟ್ಟೆವು. ಟೊಳ್ಳು ಬಾಕ್ಸ್ ಪೈಪಿನ ಕಾಲುಗಳಿಗೆ ಒಣ ಮರಳು ತುಂಬಿ ಬಾಯಿ ಬೆಸೆದೆವು; ಬಡಿದರೆ ಠಣ್ ಎನ್ನುತ್ತಿದ್ದ ಪೈಪು ಈಗ ದಬ್ ಎನ್ನುತ್ತದೆ. ಮೀಟರಿನಲ್ಲಿ ಇದರ ಲಾಭ ಒಂದೇ ಡೆಸಿಬೆಲ್, ಆದರೆ ಪಕ್ಕದ ಕಚೇರಿ ಕೋಣೆಯ ಕಿಟಕಿ ಗಾಜಿನ ಅದುರಾಟ ನಿಂತಿತು. ಮೆತ್ತನೆಯ ಆಸರೆಗೆ ಒಂದು ಬೆಲೆಯೂ ಇದೆ. ನಿಲ್ಲಿಸಿದಾಗ ಮೋಟಾರು ನಿಧಾನಗೊಳ್ಳುತ್ತ 7 ಹರ್ಟ್ಸ್ ದಾಟುವ ಗಳಿಗೆಯಲ್ಲಿ ಟೇಬಲ್ ಜೋರಾಗಿ ತೊನೆಯುತ್ತದೆ. ನಾಲ್ಕು ಮೂಲೆಗೂ ಸ್ವಲ್ಪ ಅಂತರ ಬಿಟ್ಟು ರಬ್ಬರ್ ತಡೆಗಳನ್ನು ಕೊಟ್ಟು ಅದನ್ನು ಹಿಡಿತಕ್ಕೆ ತಂದೆವು.

ಇಲ್ಲಿಯವರೆಗಿನದು ದುರಸ್ತಿ. ನಿಜವಾದ ಗೆಲುವು ಬಂದದ್ದು ಅಚ್ಚನ್ನು ಟೇಬಲಿಗೆ ಹಿಡಿದಿಡುವ ಏರ್ಪಾಟಿನಿಂದ. 48 ಹರ್ಟ್ಸ್‌ನಲ್ಲಿ ಟೇಬಲಿನ ಆಟ ನಡುವಿನಿಂದ ಒಂದು ಬದಿಗೆ 0.11 ಮಿಲಿಮೀಟರ್ ದಾಟಿದರೆ ಅದರ ವೇಗೋತ್ಕರ್ಷ ಗುರುತ್ವವನ್ನು ಮೀರುತ್ತದೆ. ಆಗ ಸಡಿಲ ಅಚ್ಚು ಟೇಬಲನ್ನು ಬಿಟ್ಟು ಮೇಲೇಳುತ್ತದೆ, ಬೀಳುವಾಗ ಮೇಲೆ ಬರುತ್ತಿರುವ ಟೇಬಲಿಗೆ ಬಡಿಯುತ್ತದೆ. ನಮ್ಮದು ತುಂಬಿದ ಸ್ಥಿತಿಯಲ್ಲಿ 0.6 ಮಿಲಿಮೀಟರ್ ಗೆರೆಯ ಅರ್ಧ, ಅಂದರೆ 0.3 ಮಿಲಿಮೀಟರ್, ಅಂದರೆ ಗುರುತ್ವದ ಸುಮಾರು 2.8 ಪಟ್ಟು. ಹೀಗೆ ಸೆಕೆಂಡಿಗೆ ಹತ್ತಾರು ಬಾರಿ ಉಕ್ಕಿನ ಅಚ್ಚು ಉಕ್ಕಿನ ತಟ್ಟೆಗೆ ಅಪ್ಪಳಿಸುವುದೇ ಆ ಗಡಗಡ.

ಇದಕ್ಕೆ ಎಲ್ಲರೂ ಹೇಳುವ ಸುಲಭ ಉಪಾಯ ಅಚ್ಚಿನ ಕೆಳಗೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಹಾಸುವುದು. ಪರೀಕ್ಷೆಗೆಂದು ಹಾಸಿ ನೋಡಿದಾಗ ಸದ್ದು ಥಟ್ಟನೆ ಇಳಿಯಿತು, ಸಿ ಅಂಕಿ ಹಾಗೆಯೇ ಇತ್ತು, ಆದರೆ ಅಚ್ಚಿನ ಮೇಲೆ ತೆಗೆದ ಪೆನ್ಸಿಲ್ ಗೆರೆ ಕುಗ್ಗಿತು. ಬಿಚ್ಚಿದ ಕಂಬಗಳ ಮಗ್ಗುಲಲ್ಲಿ ಹನಿಕೋಂಬ್ (ಜೇನುಗೂಡಿನಂಥ ತೂತುಗಳು) ಕಂಡಿತು. ಕಾಂಕ್ರೀಟಿನಲ್ಲಿ ನೂರಕ್ಕೆ ಐದರಷ್ಟು ಗಾಳಿ ಉಳಿದರೆ ಬಲದಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿತವಾಗಬಹುದೆಂಬುದು ಕಾಂಕ್ರೀಟು ಶಾಸ್ತ್ರದ ಹಳೆಯ ಪಾಠ. ಹೀಗಾಗಿ ಬೆಲ್ಟಿನ ಉಪಾಯವನ್ನು ಕೈಬಿಟ್ಟೆವು.

ಟೇಬಲನ್ನು ಪೂರ್ತಿ ಮುಚ್ಚುವ ಗೂಡನ್ನೂ ಯೋಚಿಸಿದ್ದುಂಟು. ಆದರೆ ಮುಚ್ಚಿಗೆಯಲ್ಲಿ ನೂರಕ್ಕೆ ಒಂದು ಪಾಲು ತೆರಪು ಉಳಿದರೂ ಲಾಭ 20 ಡೆಸಿಬೆಲ್‌ಗಿಂತ ಮೇಲೇರದು. ಹಾಯ್ಸ್ಟಿನಿಂದ ಅಚ್ಚು ಇಳಿಸಿ, ಕಾಂಕ್ರೀಟು ಸುರಿದು, ಕರಣೆಯಿಂದ ಮೇಲ್ಮೈ ಎಳೆಯುವ ನಮ್ಮ ಕೆಲಸದಲ್ಲಿ ಬಾಗಿಲು ಸದಾ ತೆರೆದೇ ಇರುತ್ತಿತ್ತು, ಕೆಲಸಗಾರ ಗೂಡಿನೊಳಗೇ ನಿಲ್ಲಬೇಕಾಗುತ್ತಿತ್ತು. ಕಂಪನವೇ ಬೇಡದ, ತಾನಾಗಿ ಹರಿದು ಕೂರುವ ಕಾಂಕ್ರೀಟೂ ಇದೆ. ಜಪಾನಿನಲ್ಲಿ 1986ರಲ್ಲಿ ಹಾಜಿಮೆ ಒಕಾಮುರಾ ಪ್ರಸ್ತಾಪಿಸಿದ ಆ ಬಗೆ ಇಂದು ಎಲ್ಲೆಡೆ ಪರಿಚಿತ. ಬೇಲಿ ಕಂಬದ ದರದಲ್ಲಿ ಅದರ ರಾಸಾಯನಿಕ ಮತ್ತು ನುಣುಪು ಪುಡಿಯ ಖರ್ಚು ಗಿಟ್ಟುವುದಿಲ್ಲ.

ಹಿಡಿತದ ಬಲವನ್ನು ಹೀಗೆ ಲೆಕ್ಕ ಹಾಕಿದೆವು. ಎರಡು ಕಂಬಗಳ ಕಾಂಕ್ರೀಟು ಸುಮಾರು 100 ಕಿಲೋ, ಅಚ್ಚು 50 ಕಿಲೋ. ವೇಗೋತ್ಕರ್ಷ 2.8 ಪಟ್ಟು ಇರುವಾಗ ತನ್ನ ತೂಕವೇ ಒಂದು ಪಾಲನ್ನು ಹಿಡಿದಿಡುತ್ತದೆ, ಉಳಿದ 1.8 ಪಾಲಿಗೆ ಸುಮಾರು 2650 ನ್ಯೂಟನ್ ಬಲ ಬೇಕು. ಹಸಿ ಕಾಂಕ್ರೀಟು ಅಚ್ಚಿನೊಡನೆ ಪೂರ್ತಿ ಗಟ್ಟಿಯಾಗಿ ಆಡುವುದಿಲ್ಲವಾದ್ದರಿಂದ ನಿಜವಾದ ಅಗತ್ಯ ಇದಕ್ಕಿಂತ ಕಡಿಮೆ, ಆದರೂ ಒಂದೂವರೆ ಪಟ್ಟು ಅಂದರೆ 4000 ನ್ಯೂಟನ್ ಗುರಿಯಿಟ್ಟೆವು. ಕೈಯಿಂದ ಬಿಗಿಯುವ ಟಾಗಲ್ ಕ್ಲಾಂಪುಗಳು ಅಗ್ಗ, ಆದರೆ ಅವು ಕಂಪನದಲ್ಲಿ ಬಿಚ್ಚಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಅಚ್ಚಿಗೂ ಅರ್ಧ ನಿಮಿಷ ಕೇಳುವ ಕ್ಲಾಂಪನ್ನು ತುಂಡು ಲೆಕ್ಕದಲ್ಲಿ ಕೂಲಿ ಪಡೆಯುವ ಕೆಲಸಗಾರ ಎರಡನೆಯ ವಾರಕ್ಕೆ ಬಳಸುವುದನ್ನು ಬಿಡುತ್ತಾನೆ. ಆದ್ದರಿಂದ ಗಾಳಿಯ ಸಿಲಿಂಡರುಗಳಿಗೇ ಹೋದೆವು. 63 ಮಿಲಿಮೀಟರ್ ಒಳವ್ಯಾಸದ ಒಂದು ಸಿಲಿಂಡರು 5 ಬಾರ್ ಒತ್ತಡದಲ್ಲಿ ಸುಮಾರು 1550 ನ್ಯೂಟನ್ ತಳ್ಳುತ್ತದೆ. ಎರಡು ಸಾಲದು, ಮೂರನ್ನು ಸಮತೋಲದಲ್ಲಿ ಕೂರಿಸುವುದು ಕಷ್ಟ, ಆದ್ದರಿಂದ ನಾಲ್ಕು. ಅಚ್ಚಿನ ಎರಡೂ ತುದಿಗೆ ಬೆಸೆದ ದಪ್ಪ ಕಿವಿಪಟ್ಟಿಗಳ ಮೇಲೆ ಸಿಲಿಂಡರಿನ ತಲೆ ಕೂರುತ್ತದೆ, ತಲೆಗೆ ಗಟ್ಟಿ ರಬ್ಬರಿನ ಟೋಪಿ. ಸಿಲಿಂಡರುಗಳನ್ನು ಹೊತ್ತ ಕಮಾನುಗಳನ್ನು ಟೇಬಲಿನ ಚೌಕಟ್ಟಿಗೇ ಬೋಲ್ಟು ಹಾಕಿದ್ದೇವೆ. ನೆಲದಿಂದ ಎದ್ದ ಕಂಬಕ್ಕೆ ಕೂರಿಸಿದರೆ ಕ್ಲಾಂಪೇ ಟೇಬಲಿನ ಆಟವನ್ನು ತಡೆಯುತ್ತದೆ. ಒತ್ತಡ 4 ಬಾರ್‌ಗಿಂತ ಕೆಳಗಿದ್ದರೆ ಮೋಟಾರು ಚಾಲೂ ಆಗದಂತೆ ಪ್ರೆಷರ್ ಸ್ವಿಚ್ಚನ್ನು ಸ್ಟಾರ್ಟರಿನ ಸರ್ಕ್ಯೂಟಿಗೆ ಸೇರಿಸಿದೆವು.

ಎ ಅಂಕಿ 97ರಿಂದ 91ಕ್ಕೆ ಬಿತ್ತು, ಸಿ 107ರಲ್ಲಿ ಕದಲದೆ ನಿಂತಿತು. ಗಾಳಿಗುಳ್ಳೆಗಳು ಮೇಲೆ ಬರುವುದು ನಿಲ್ಲಲು ಈ ಹಿಂದೆ ಒಂದೂವರೆ ನಿಮಿಷ ಹಿಡಿಯುತ್ತಿದ್ದದ್ದು ಈಗ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಹಿಂದೆ ಬಡಿತದಲ್ಲಿ ಕಳೆಯುತ್ತಿದ್ದ ಶಕ್ತಿ ಈಗ ಕಾಂಕ್ರೀಟಿಗೆ ಹೋಗುತ್ತದೆ. 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು ಏಳು ಮತ್ತು ಇಪ್ಪತ್ತೆಂಟನೆಯ ದಿನ ಒತ್ತಿಸಿ ನೋಡಿದಾಗ ಬಲದಲ್ಲಿ ಇಳಿಕೆಯಿರಲಿಲ್ಲ. ಇಷ್ಟು ತೋರಿಸಿದ ಮೇಲೆ ಮೇಸ್ತ್ರಿಗಳ ಆಕ್ಷೇಪವೂ ನಿಂತಿತು.

ಕೊನೆಯ ಎರಡು ಡೆಸಿಬೆಲ್ ಅಚ್ಚಿನೊಳಗೇ ಇದ್ದವು. ಪಕ್ಕದ ಹಲಗೆಗಳನ್ನು ಹಿಡಿಯುವ ಪಿನ್ನುಗಳು ಸವೆದ ತೂತಿನಲ್ಲಿ ಆಡುತ್ತಿದ್ದವು. ತೂತುಗಳಿಗೆ ಬುಷ್ ಹಾಕಿಸಿ, ನೇರ ಪಿನ್ನಿನ ಬದಲು ಬಡಿದಷ್ಟೂ ಬಿಗಿಯಾಗುವ ಇಳಿಜಾರಿನ ಬೆಣೆ ಪಿನ್ನುಗಳನ್ನು ಮಾಡಿಸಿದೆವು. ತೆಳು ಹಲಗೆಗಳ ಹೊರಮೈಗೆ ಬಿಟುಮೆನ್ ಹಾಳೆ ಅಂಟಿಸಿ ಅದರ ಮೇಲೆ ತೆಳು ತಗಡನ್ನು ಒತ್ತಿ ಕೂರಿಸಿದಾಗ ಹಲಗೆಯ ಝೇಂಕಾರ ಸತ್ತಿತು. ಅಲ್ಲಿಗೆ ಎ ಅಂಕಿ 89.

ಶೆಡ್ಡಿನ ತಗಡು ಚಾವಣಿಗೆ ರಾಕ್‌ವುಲ್ ಹಲಗೆ ಹಾಕಿಸುವಂತೆ ಸಲಹೆ ಕೊಟ್ಟವರಿದ್ದರು. ಒಂದು ಭಾಗಕ್ಕೆ 50 ಮಿಲಿಮೀಟರ್ ದಪ್ಪದ ಹಲಗೆ ತೂಗುಹಾಕಿ ಅಳೆದೆವು. ಟೇಬಲಿನ ಪಕ್ಕದಲ್ಲಿ ನಿಂತವನಿಗೆ ನೇರ ಸದ್ದೇ ಮುಖ್ಯವಾದ್ದರಿಂದ ಅಲ್ಲಿ ಅಂಕಿ ಕದಲಲಿಲ್ಲ. ಆಚೆ ತುದಿಯಲ್ಲಿ ಕಂಬಿ ಕಟ್ಟುವವರ ಬಳಿ ಮಾತ್ರ 4 ಡೆಸಿಬೆಲ್ ಇಳಿಯಿತು. ಅವರ ಹಿತಕ್ಕಾಗಿ ಅದನ್ನು ಉಳಿಸಿಕೊಂಡಿದ್ದೇವೆ, ಟೇಬಲಿನವನಿಗೆ ಪರಿಹಾರವೆಂದು ಎಣಿಸಿಲ್ಲ.

ಓಟದ ಅವಧಿಯೂ ಮೂರನೇ ಒಂದು ಪಾಲು ಕಡಿಮೆಯಾದ್ದರಿಂದ ಈಗ ದಿನಕ್ಕೆ ಒಂದೂ ಮುಕ್ಕಾಲು ಗಂಟೆಗಿಂತ ಕಡಿಮೆ ಹೊತ್ತು 89 ಡೆಸಿಬೆಲ್. ನಿಯಾಷ್‌ನ ಬಿಗಿ ಲೆಕ್ಕದಲ್ಲಿ ಈ ಮಟ್ಟಕ್ಕೆ ಮೂರು ಗಂಟೆಗೂ ಮಿಕ್ಕಿ ಅವಕಾಶವಿದೆ. ಮಿಕ್ಸರಿನ 82 ಡೆಸಿಬೆಲ್ ದಿನವಿಡೀ ಇರುವುದರಿಂದ ಕಿವಿಯ ಪ್ಲಗ್ಗುಗಳನ್ನು ಕೊಡುವುದನ್ನು ನಿಲ್ಲಿಸಿಲ್ಲ. ಸಿಲಿಂಡರಿನ ಗಾಳಿ ಕೊಳವೆಗಳು ಚೌಕಟ್ಟಿಗೆ ಉಜ್ಜಿ ಸವೆಯುತ್ತಿವೆ. ಉಜ್ಜುವ ಕಡೆ ಸುರುಳಿ ಹೊದಿಕೆ ಹಾಕಿದ್ದೇವೆ, ಕೊಳವೆಯ ದಾರಿಯನ್ನೇ ಬದಲಿಸಬೇಕಾದೀತು. ಪಾದದ ಬೋಲ್ಟುಗಳ ಬಿಗಿ ಮತ್ತು ಪೆನ್ಸಿಲ್ ಗೆರೆಯನ್ನು ಪ್ರತಿ ಸೋಮವಾರ ಕೆಲಸ ಶುರುವಾಗುವ ಮೊದಲು ನೋಡಿ ಟೇಬಲಿಗೆ ನೇತುಹಾಕಿದ ಪುಸ್ತಕದಲ್ಲಿ ಬರೆಯುವುದು ಫಿಟ್ಟರನ ಕೆಲಸಕ್ಕೆ ಸೇರಿದೆ. ಸ್ಲ್ಯಾಬಿನ ಅಚ್ಚುಗಳಿಗೆ ಕಿವಿಪಟ್ಟಿ ಬೆಸೆಯುವುದು ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ ಅವುಗಳನ್ನು ಈ ಟೇಬಲಿನ ಮೇಲೆ ಇಡುವುದಿಲ್ಲ.